ಮೂರು ಸಲ ಕೂಗುತ್ತಿದ್ದ ಡಾಕ್ಟರಮ್ಮ

ಅವರ ಬಲದವಡೆಯ ಕೆಳಗೆ, ಕುತ್ತಿಗೆ ಶುರುವಾಗುವಲ್ಲಿ, ಹೆಬ್ಬೆರಳು ಕೂರುವಷ್ಟು ದೊಡ್ಡ ಗುಳಿಯೊಂದಿತ್ತು. ಮಾತಾಡುವಾಗ ಅದು ಬಾಯಿಯ ಜೊತೆಗೇ ಅಲುಗುತ್ತಿತ್ತು. ಮಾತು ನಿಂತ ಮೇಲೂ ಒಂದು ಗಳಿಗೆ ಅಲುಗುತ್ತಿತ್ತು. ಚಿಕ್ಕವರಾಗಿದ್ದಾಗ ಪ್ಲೇಗಿನ ಗಡ್ಡೆ ಎದ್ದು ಒಡೆದ ಜಾಗ ಅದು. ಅದನ್ನು ಅವರು ಸೆರಗಿನಿಂದ ಮುಚ್ಚಿಕೊಂಡದ್ದನ್ನು ನಾನು ಕಾಣೆ. ಬೀದಿಯ ಮಕ್ಕಳು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರೆ ತಾವೇ ಬಗ್ಗಿ, “ಬೆರಳಿಟ್ಟು ನೋಡ್ತೀಯಾ? ನೋಡು, ಕಚ್ಚಲ್ಲ” ಎನ್ನುತ್ತಿದ್ದರು. ಧೈರ್ಯವಿದ್ದ ಮಗು ಬೆರಳಿಡುತ್ತಿತ್ತು. ಅಷ್ಟರಲ್ಲಿ ಅದರ ತೋಳಿಗೆ ಪ್ಲೇಗಿನ ಸೂಜಿ ಚುಚ್ಚಿ ಮುಗಿದಿರುತ್ತಿತ್ತು.

ನಾನು ಆಗ ಬೊಂಬಾಯಿಯಲ್ಲಿ ಸಮಾಜಶಾಸ್ತ್ರದ ಎಂ.ಎ.ಗೆ ಪ್ರಬಂಧ ಬರೆಯುತ್ತಿದ್ದೆ. ಯುದ್ಧ ಮುಗಿಯುತ್ತ ಬಂದಿತ್ತು. ನಮ್ಮ ತಂದೆ ಬೆಂಗಳೂರು ದಂಡಿನ ರೈಲ್ವೆ ಸ್ಟೇಷನ್ನಿನಲ್ಲಿ ಗುಮಾಸ್ತರು. ನನ್ನನ್ನು ಅಷ್ಟು ದೂರ ಓದಲು ಕಳಿಸುವಷ್ಟು ದೊಡ್ಡ ಮನಸ್ಸು ಅವರಿಗಿತ್ತು, ಆದರೆ ಓದುತ್ತಿರುವುದೇನು ಎಂಬುದು ಮಾತ್ರ ಕೊನೆಯವರೆಗೂ ಅವರ ತಲೆಗೆ ಹತ್ತಲಿಲ್ಲ. “ಡಾಕ್ಟರಾಗ್ತೀನಿ ಅನ್ನು, ಟೀಚರಾಗ್ತೀನಿ ಅನ್ನು, ಅರ್ಥವಾಗುತ್ತೆ. ಜನ ಹೇಗಿದ್ದಾರೆ ಅಂತ ಓದೋದು ಎಂಥಾ ಓದಮ್ಮ? ಕಿಟಕಿ ತೆಗೆದ್ರೆ ಕಾಣಲ್ವಾ?” ಎಂದು ಕೇಳುತ್ತಿದ್ದರು. ನಮ್ಮ ಪ್ರೊಫೆಸರು ಕೂಡ ಒಂದು ದಿನ ಹೆಚ್ಚುಕಡಿಮೆ ಅದೇ ಮಾತು ಹೇಳಿ, ಪ್ಲೇಗು ಬಂದಾಗ ಜನ ಏನು ನಂಬುತ್ತಾರೆ, ಏನು ಮಾಡುತ್ತಾರೆ ಎಂಬುದನ್ನು ನಿನ್ನ ಊರಿನಲ್ಲೇ ನೋಡಿ ಬರೆ ಎಂದು ನನ್ನನ್ನು ಬೆಂಗಳೂರಿಗೆ ಅಟ್ಟಿದರು. ಅಲ್ಲಿ ನನಗೊಬ್ಬ ಗುರುವನ್ನೂ ಗೊತ್ತು ಮಾಡಿದ್ದರು. ಅವರೇ ಈ ಡಾಕ್ಟರಮ್ಮ.

ಮದರಾಸಿನಲ್ಲಿ ವೈದ್ಯಕೀಯ ಓದಿ, ಕಲಕತ್ತೆಯಲ್ಲಿ ಸಾರ್ವಜನಿಕ ಆರೋಗ್ಯವನ್ನೂ ಓದಿ ಬಂದಿದ್ದ ಅವರು ಮದುವೆಯಾಗಿರಲಿಲ್ಲ. ಫ್ರೇಜರ್ ಟೌನಿನಲ್ಲಿ ಅರ್ಧ ಮನೆ ಬಾಡಿಗೆಗೆ ಹಿಡಿದಿದ್ದರು. ಉಳಿದರ್ಧದಲ್ಲಿ ಮನೆಯೊಡತಿ ಇದ್ದರು, ಎಲ್ಲರೂ ಅವರನ್ನು ಖಾಲಾ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಡಾಕ್ಟರಮ್ಮ ಪುಸ್ತಕ ಹಿಡಿದು ಕೂತರೆ ಜಗತ್ತು ಮರೆಯುತ್ತಿದ್ದರಿಂದ, ಗೋಡೆಯಾಚೆಯಿಂದ ಖಾಲಾ “ಅಮ್ಮಾ, ಚಾ ಠಂಡೀ ಹೋರೀ!” ಎಂದು ಚಹಾ ಆರುತ್ತಿರುವುದನ್ನು ಕೂಗಿ ಹೇಳಬೇಕಾಗುತ್ತಿತ್ತು. ಮೊದಲ ದಿನ ನನ್ನ ವಿಷಯವನ್ನೆಲ್ಲ ಕೇಳಿಸಿಕೊಂಡು ಡಾಕ್ಟರಮ್ಮ ನಕ್ಕರು. “ಇದಕ್ಕೆ ಸಮಾಜಶಾಸ್ತ್ರ ಅಂತೀಯಾ? ನಮ್ಮ ಕಡೆ ಹರಟೆ ಅಂತಾರೆ. ಇರಲಿ, ಹರಟೆ ಹೊಡೆಯೋಕೂ ಬರಬೇಕಲ್ಲ, ಕಲಿ.”

ಕಲಿಸಿದರು. ಅವರ ಪಾಠ ಎಲ್ಲ ನಡೆಯುತ್ತಲೇ. ಹೊಸಿಲಿನ ಈಚೆ ನಿಂತು ಪ್ರಶ್ನೆ ಕೇಳಬಾರದು, ಕೂತುಕೋ ಎನ್ನುವವರೆಗೆ ಕಾಯಬೇಕು. ಕೊಟ್ಟ ನೀರು ಕುಡಿಯಬೇಕು. ಎಂಥ ಮಾತು ಬಂದರೂ ನಗಬಾರದು: “ನಕ್ಕವರಿಗೆ ಜನ ಸುಳ್ಳು ಹೇಳ್ತಾರೆ ಕಣೇ.” ಎಲ್ಲಕ್ಕಿಂತ ಹೆಚ್ಚಾಗಿ, “ಕಿವಿಗೆ ಬಿದ್ದದ್ದನ್ನ ಬರಿ. ನಿನಗೆ ಅನ್ನಿಸಿದ್ದನ್ನ ಬೇರೆ ಹಾಳೇಲಿ ಬರಿ. ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಬೇಡ.” ಈ ವಿಷಯದಲ್ಲಿ ಅವರು ಬಹಳ ನಿಷ್ಠುರ. ಒಂದು ಸಲ ನಾನು ಮುದುಕನೊಬ್ಬನ ಮಾತಿಗೆ ನನ್ನ ಕಡೆಯಿಂದ ಸ್ವಲ್ಪ ಬಣ್ಣ ಹಚ್ಚಿ ಬರೆದಿದ್ದೆ. ಆ ಹಾಳೆಯನ್ನು ನನ್ನ ಎದುರಿಗೇ ಹರಿದು ಒಲೆಗೆ ಹಾಕಿದರು. ನನಗೆ ಅಳುವೇ ಬಂದಿತ್ತು. ಒಂದು ವಾರ ಅವರ ಮೇಲೆ ಸಿಟ್ಟೂ ಇತ್ತು.

ಹಲಸೂರಿನ ಬೀದಿಗಳಿಗೆ ಅವರು ನನ್ನನ್ನು ಕರೆದುಕೊಂಡು ಹೋದದ್ದು ಚಳಿ ಶುರುವಾದ ಮೇಲೆ. ಪ್ಲೇಗು ಬರುತ್ತಿದ್ದದ್ದೂ ಆಗಲೇ. ಒಂದು ಮನೆಯ ಮುಂದೆ ನಾನು “ಅಮ್ಮಾ, ಯಾರಿದ್ದೀರಿ?” ಎಂದು ಕೂಗಿದೆ. ಉತ್ತರವಿಲ್ಲ. ಯಾರೂ ಇಲ್ಲವೆಂದು ಮುಂದಿನ ಮನೆಗೆ ಹೊರಟೆ. ಡಾಕ್ಟರಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದರು. “ಹೆಂಚಿನ ಸಂದೀಲಿ ಹೊಗೆ ಬರ್ತಿದೆ ನೋಡು. ಖಾಲಿ ಮನೆ ತಾನೇ ಅಡುಗೆ ಮಾಡ್ಕೊಳ್ತಿದೆಯಾ?” ಎಂದು ತಾವೇ ಕೂಗಿದರು. ಒಂದು ಸಲ ಕೂಗಿ, ಎದೆ ತುಂಬ ಉಸಿರು ತೆಗೆದುಕೊಂಡರು, ಸದ್ದು ಕೇಳುವ ಹಾಗೆ. ಮತ್ತೆ ಕೂಗಿ, ಮತ್ತೆ ಉಸಿರು. ಮೂರನೆಯ ಕೂಗಿಗೆ ಬಾಗಿಲು ತೆರೆಯಿತು. ಹಿಟ್ಟಿನ ಕೈಯಲ್ಲಿ ನಿಂತಿದ್ದ ಹೆಂಗಸು, “ನೀವಾ ಡಾಕ್ಟ್ರಮ್ಮ, ಬನ್ನಿ ಬನ್ನಿ” ಎಂದು ಏನೂ ಆಗಿಲ್ಲವೆಂಬಂತೆ ಮಣೆ ಹಾಕಿದಳು.

ಆ ಬೀದಿಗಳ ನಂಬಿಕೆ ಹೀಗಿತ್ತು. ಪ್ಲೇಗಿನ ಕಾಲದಲ್ಲಿ ಮಾರಿ ಮನೆಬಾಗಿಲಿಗೆ ಬಂದು, ನಮಗೆ ಬೇಕಾದವರ ದನಿಯಲ್ಲಿ ಹೆಸರು ಹಿಡಿದು ಕೂಗುತ್ತಾಳೆ. ಆದರೆ ಒಂದೇ ಸಲ ಕೂಗುತ್ತಾಳೆ. ಅದಕ್ಕೆ ಓ ಎಂದವರು ಅವಳ ಪಾಲು. ಅಂಥವರು ಕಾಯಿಲೆಯಿಂದ ಎದ್ದು ಬಂದರೂ ಮನೆಯವರು ಮತ್ತೆ ಒಳಗೆ ಸೇರಿಸುತ್ತಿರಲಿಲ್ಲ, ಅವರ ಬೆನ್ನ ಹಿಂದೆ ಅವಳೂ ಒಳಗೆ ಬರುತ್ತಾಳೆಂಬ ಭಯ. ಅದಕ್ಕೇ ಚಳಿಗಾಲ ಬಂತೆಂದರೆ ಯಾರೂ ಮೊದಲ ಕೂಗಿಗೆ ತುಟಿ ಬಿಚ್ಚುತ್ತಿರಲಿಲ್ಲ. ಮನುಷ್ಯರಾದವರು ಮೂರು ಸಲ ಕೂಗಿಯೇ ಕೂಗುತ್ತಾರೆ ಎಂದು ಎಲ್ಲರಿಗೂ ಗೊತ್ತು.

“ಆ ಉಸಿರು ಯಾಕೆ?” ಎಂದು ಕೇಳಿದೆ.

“ಒಳಗಿರೋರು ಅದನ್ನೇ ಕೇಳಿಸ್ಕೊಳ್ತಿರ್ತಾರೆ. ಅವಳಿಗೆ ಉಸಿರಿಲ್ಲವಲ್ಲ” ಎಂದರು, ಔಷಧಿಯ ಅಳತೆ ಹೇಳುವಷ್ಟು ಸಹಜವಾಗಿ.

ಸೂಜಿ ಹಾಕುವ ಬೇರೆ ಜನ ಬಂದರೆ ಅಲ್ಲಿ ಬೀದಿಗೆ ಬೀದಿಯೇ ಬೀಗ ಜಡಿದುಕೊಳ್ಳುತ್ತಿತ್ತು. ಇವರಿಗೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಹಾಗೆ ತೆರೆಸಿಕೊಳ್ಳಲು ವರ್ಷಗಟ್ಟಲೆ ಹಿಡಿದಿತ್ತು. ಅದೊಂದೇ ಅವರ ಜೀವಮಾನದ ಸಂಪಾದನೆ, ಅದು ಅವರಿಗೂ ಗೊತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಆ ಬೀದಿಯಲ್ಲಿ ಇಲಿ ಬೀಳತೊಡಗಿದವು. ಸತ್ತ ಇಲಿ ಕಂಡ ಮೇಲೆ ಯಾರೂ ಮನೆಯಲ್ಲಿ ಉಳಿಯುವಂತಿಲ್ಲ. ಪಾತ್ರೆ ಪಡಗ, ಕೋಳಿ, ಮಕ್ಕಳು ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಜನ ಬಾಣಸವಾಡಿ ಕಡೆಯ ಹೊಲಗಳಿಗೆ ಹೋಗಿ ಗುಡಿಸಲು ಹಾಕಿಕೊಂಡರು. ಮನೆಗಳೊಳಗೆ ಬಿಸಿಲು ಬೀಳಲೆಂದು ಹೆಂಚು ಇಳಿಸಿ ಹೋಗಿದ್ದರು. ಯಾರಾದರೂ ಹಿಂದೆ ಉಳಿದುಬಿಟ್ಟಿದ್ದಾರೆಯೇ ಎಂದು ನೋಡಲು ಡಾಕ್ಟರಮ್ಮ ಒಂದು ನಡುಮಧ್ಯಾಹ್ನ ಹೊರಟರು, ನಾನೂ ಹೋದೆ.

ಅಂಥ ಬೀದಿಯನ್ನು ನಾನು ಮತ್ತೆ ಕಾಣಲಿಲ್ಲ, ಕಾಣುವುದೂ ಬೇಡ. ಎರಡು ಕಡೆಯೂ ಬೀಗ ಹಾಕಿದ ಬಾಗಿಲು, ಮೇಲೆ ಬರೀ ತೊಲೆ. ಕಿಟಕಿಯಲ್ಲಿ ಇಣುಕಿದರೆ ಒಲೆಯ ಮೇಲೆ, ಮಗುವಿನ ತೊಟ್ಟಿಲ ಹಗ್ಗದ ಮೇಲೆ, ದೇವರ ಗೂಡಿನ ಮೇಲೆ ಸುಡುಬಿಸಿಲು. ಎಂದೂ ಬಿಸಿಲು ಕಾಣದ ಮೂಲೆಗಳು ಹಾಗೆ ಬೆಳಗುತ್ತಿದ್ದದ್ದು ಕತ್ತಲೆಗಿಂತ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು. ಒಂದು ಮನೆಯ ನಡುಮನೆಯಲ್ಲಿ ಕಾಗೆಗಳು ಕೂತಿದ್ದವು. ನಮ್ಮನ್ನು ನೋಡಿಯೂ ಏಳಲಿಲ್ಲ.

ಬೀದಿಯ ಕೊನೆಯ ಮನೆಗೂ ಬೀಗವಿತ್ತು, ಆದರೆ ಹೆಂಚು ಇಳಿಸಿರಲಿಲ್ಲ. ನಾವು ಅದರ ಮುಂದೆ ನಿಂತೆವು. ಡಾಕ್ಟರಮ್ಮ ಕೂಗುತ್ತಾರೆಂದು ನಾನು ಕಾಯುತ್ತಿದ್ದೆ. ಅವರ ಬಾಯಿ ಮುಚ್ಚಿತ್ತು. ನನ್ನದೂ ಮುಚ್ಚಿತ್ತು. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲೆ.

ಒಳಗಿನಿಂದ ಒಂದು ಮಗುವಿನ ದನಿ, “ಓ” ಎಂದಿತು. ಆಮೇಲೆ, “ಬಂದೆ ಅವ್ವಾ” ಎಂದಿತು.

ನಾನು ಡಾಕ್ಟರಮ್ಮನ ಕಡೆ ನೋಡಿದೆ. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಕಿಟಕಿಯ ಹತ್ತಿರ ಹೋಗಿ ಸರಳು ಹಿಡಿದು ನಿಂತರು. ಒಳಗೆ ಚಾಪೆಯ ಮೇಲೆ ಆರೇಳು ವರ್ಷದ ಹುಡುಗಿ, ಜ್ವರದಲ್ಲಿ ಕೆಂಡವಾಗಿ, ಎದ್ದು ಕೂರಲು ಒದ್ದಾಡುತ್ತಿದ್ದಳು. ಅವಳ ಅಜ್ಜಿ ಅವಳನ್ನು ಎರಡೂ ಕೈಯಿಂದ ಅದುಮಿ ಹಿಡಿದಿದ್ದಳು. ಆ ಮನೆಯ ಕಥೆ ಡಾಕ್ಟರಮ್ಮನಿಗೆ ಗೊತ್ತಿತ್ತು. ಹುಡುಗಿಯ ತಂದೆ ರಸೆಲ್ ಮಾರುಕಟ್ಟೆಯಲ್ಲಿ ಸೊಪ್ಪು ಮಾರುವವನು. ತಾಯಿ ಹಿಂದಿನ ಚಳಿಗಾಲದಲ್ಲೇ ಪ್ಲೇಗಿಗೆ ಹೋಗಿದ್ದಳು. ಜ್ವರದ ಹುಡುಗಿಯನ್ನು ಹೊಲದ ಗುಡಿಸಲಿಗೆ ಯಾರೂ ಸೇರಿಸುವುದಿಲ್ಲ, ಸರ್ಕಾರದವರಿಗೆ ತಿಳಿದರೆ ಸೋಂಕಿನ ಆಸ್ಪತ್ರೆಗೆ ಎಳೆದೊಯ್ಯುತ್ತಾರೆ ಎಂದು ಹೆದರಿ, ಅಜ್ಜಿಯನ್ನೂ ಮೊಮ್ಮಗಳನ್ನೂ ಒಳಗಿಟ್ಟು ಅವನು ಹೊರಗಿನಿಂದ ಬೀಗ ಹಾಕಿದ್ದ ಎಂಬುದು ಮಾತ್ರ ಆಮೇಲೆ ತಿಳಿಯಿತು.

ಅಜ್ಜಿ ನಮ್ಮನ್ನು ನೋಡಿ ಕಿಟಕಿಗೆ ಬಂದಳು. ಅವಳಿಗೆ ಭಯವಾಗಿದ್ದದ್ದು ನಮ್ಮನ್ನು ಕಂಡಲ್ಲ.

“ಯಾರೂ ಕೂಗ್ನಿಲ್ಲ,” ಎಂದಳು. “ನಂಗೆ ಏನೂ ಕೇಳಿಸ್ನಿಲ್ಲ. ಇವಳು ಓ ಅಂದ್ಬುಟ್ಳು. ಯಾರಿಗೆ ಓ ಅಂದ್ಳು?”

“ಅವ್ವ ಕೂಗಿದ್ಳು,” ಎಂದಳು ಹುಡುಗಿ ಹಿಂದಿನಿಂದ. “ಪುಟ್ಟೀ ಅಂತ ಕೂಗಿದ್ಳು.”

ಮುದುಕಿ ಸರಳು ಬಿಟ್ಟು ಕೆಳಗೆ ಕುಸಿದಳು. ಹುಡುಗಿಯ ಕಡೆ ತಿರುಗಿ ನೋಡಲೂ ಅವಳಿಂದಾಗಲಿಲ್ಲ. ಇಷ್ಟು ಹೊತ್ತು ಅಪ್ಪಿ ಹಿಡಿದಿದ್ದ ಕೈಗಳನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದಳು. ಆ ಕೈ ಒರೆಸಿಕೊಂಡದ್ದನ್ನು ನೋಡಿ ನನಗೆ ಅರ್ಥವಾಯಿತು. ಹುಡುಗಿ ಬದುಕಿದರೂ ಈ ಮನೆಗೆ ಸತ್ತಂತೆಯೇ.

“ನಾನೇ ಕೂಗಿದ್ದು ಅಜ್ಜಿ,” ಎಂದರು ಡಾಕ್ಟರಮ್ಮ.

ನಾನು ಅವರ ಕಡೆ ತಿರುಗಿದೆ. ಅವರು ನನ್ನ ಕಡೆ ನೋಡಲಿಲ್ಲ.

“ನೀವಾ?”

“ನಾನೇ. ಮಕ್ಕಳನ್ನೆಲ್ಲಾ ನಾನು ಪುಟ್ಟೀ ಅಂತಲೇ ಅಲ್ವಾ ಕರೆಯೋದು? ನಿಮಗೆ ಕಿವಿ ಮಂದ, ಕೇಳಿಸಿಲ್ಲ.”

ಅಜ್ಜಿ ಬಹಳ ಹೊತ್ತು ಅವರ ಮುಖ ನೋಡಿದಳು. ಆಮೇಲೆ, “ಎಷ್ಟು ಸಲ ಕೂಗಿದ್ರಿ?” ಎಂದಳು.

ಮೂರು ಸಲ ಎಂದುಬಿಡಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಹೇಳುವಷ್ಟರಲ್ಲಿ ಹುಡುಗಿಯೇ, “ಒಂದೇ ಸಲ,” ಎಂದಳು.

“ಹೌದು, ಒಂದೇ ಸಲ,” ಎಂದರು ಡಾಕ್ಟರಮ್ಮ. “ಆತುರದಲ್ಲಿ ಮರೆತೆ. ತಪ್ಪು ನಂದು. ಮಗು ಮನುಷ್ಯರಿಗೇ ಓಗೊಟ್ಟಿದ್ದು.”

ಮುದುಕಿ ನಿಧಾನವಾಗಿ ಎದ್ದು ಕಿಟಕಿಯ ಸರಳಿಗೆ ಹಣೆ ಒತ್ತಿ ಡಾಕ್ಟರಮ್ಮನ ಪಾದ ನೋಡಿದಳು. ಅವು ನೆಲ ಮುಟ್ಟಿವೆಯೋ ಇಲ್ಲವೋ ಎಂದು ನೋಡುತ್ತಿದ್ದಳು. ಆಮೇಲೆ ಹುಡುಗಿಯ ಹತ್ತಿರ ಹೋಗಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಉಸಿರು ಬಿಟ್ಟೆ.

ಸ್ವಲ್ಪ ಹೊತ್ತಿಗೆ ಗಂಜಿ ತಂದ ತಂದೆ ನಮ್ಮನ್ನು ನೋಡಿ ಅಳುತ್ತ ಬೀಗ ತೆಗೆದ. ಜಟಕಾದಲ್ಲಿ ಹುಡುಗಿಯನ್ನು ಡಾಕ್ಟರಮ್ಮನೇ ಮಡಿಲಲ್ಲಿ ಇಟ್ಟುಕೊಂಡು ಆಸ್ಪತ್ರೆಗೆ ಒಯ್ದರು. ಆ ಹೊತ್ತಿಗೆ ಪ್ಲೇಗಿಗೆ ನಾಟುವ ಸಲ್ಫಾ ಮಾತ್ರೆಗಳು ಬಂದಿದ್ದವು, ಆದರೆ ದಂಡಿನ ಸೈನಿಕರಿಗೆ ಸಿಕ್ಕಷ್ಟು ಸುಲಭವಾಗಿ ಸೊಪ್ಪಿನವನ ಮಗಳಿಗೆ ಸಿಗುತ್ತಿರಲಿಲ್ಲ. ಅವರು ಎಲ್ಲೆಲ್ಲಿ ಯಾರ ಯಾರ ಮುಂದೆ ಜಗಳವಾಡಿದರೋ, ತಂದರು. ಹುಡುಗಿ ಉಳಿದಳು. ಬೀದಿಯವರು ಹೊಲದಿಂದ ಮರಳಿದ ಮೇಲೆ, ತಲೆಗೆ ಅರಿಸಿನದ ನೀರು ಹೊಯ್ದು, ಬೇವಿನ ಸೊಪ್ಪು ಕಟ್ಟಿದ ಬಾಗಿಲಿಂದ ಅಜ್ಜಿ ಅವಳನ್ನು ಒಳಗೆ ಕರೆದುಕೊಂಡಳು. ನಾವು ಅದನ್ನು ರಸ್ತೆಯ ಈಚೆಯಿಂದ ನೋಡಿದೆವು. ಒಳಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ.

ಮುಂದೆ ಆದದ್ದು ಇದು. ಅಜ್ಜಿ ತನ್ನ ಮೊಮ್ಮಗಳ ಮೇಲಿನ ಸಂಶಯ ಕಳೆಯಲು ಬೀದಿಗೆಲ್ಲ ಸತ್ಯವೆಂದೇ ಹೇಳಿದ್ದಳು: ಡಾಕ್ಟರಮ್ಮ ಒಂದೇ ಸಲ ಕೂಗಿದರು. ಪ್ಲೇಗು ಇರುವ ಬೀದಿಯಲ್ಲಿ, ಸತ್ತ ತಾಯಿಯ ದನಿಯಲ್ಲಿ, ಒಂದೇ ಸಲ. ಬೀದಿ ಹುಡುಗಿಯನ್ನು ನಂಬಿತು, ಮಾರಿಯ ಹಾಗೆ ಕೂಗಿದ ಡಾಕ್ಟರಮ್ಮನನ್ನು ನಂಬುವುದು ಬಿಟ್ಟಿತು. ಮುಂದಿನ ವಾರ ನಾವು ಸೂಜಿ ಹಿಡಿದು ಹೋದಾಗ ಅವರು ಎಂದಿನಂತೆ ಮೂರು ಸಲ ಕೂಗಿದರು, ನಡುನಡುವೆ ಉಸಿರು ತೆಗೆದುಕೊಂಡರು. ಬಾಗಿಲು ತೆರೆಯಲಿಲ್ಲ. ಒಳಗೆ ಮಾತಾಡುತ್ತಿದ್ದ ಸದ್ದು ನಿಂತು, ಒಲೆಯ ಮೇಲಿನ ಪಾತ್ರೆಯ ಸದ್ದು ಮಾತ್ರ ಕೇಳುತ್ತಿತ್ತು. ಒಂದು ಮನೆಯಲ್ಲ, ಆ ಬೀದಿ, ಅದರ ಪಕ್ಕದ ಬೀದಿ, ಕೊನೆಗೆ ಗರುಡಾಚಾರ್‌ಪಾಳ್ಯದವರೆಗೆ ಸುದ್ದಿ ಹೋಯಿತು. ದಾರಿಯಲ್ಲಿ ಎದುರಾದ ಹೆಂಗಸರು ಮಕ್ಕಳ ಕಿವಿ ಮುಚ್ಚುತ್ತಿದ್ದರು. ಗುಳಿಗೆ ಬೆರಳಿಟ್ಟು ನೋಡಿದ್ದ ಮಕ್ಕಳೇ ಅವರು.

ನಾನು ತಡೆಯಲಾರದೆ, “ನಾನು ಹೋಗಿ ನಿಜ ಹೇಳಿಬಿಡ್ತೀನಿ. ನೀವು ಕೂಗಲೇ ಇಲ್ಲ ಅಂತ ಹೇಳ್ತೀನಿ” ಎಂದೆ.

ಅವರು ನನ್ನನ್ನು ಆ ಪರಿ ಗದರಿದ್ದು ಅದೊಂದೇ ಸಲ. “ಹೇಳಿ ನೋಡು! ಮತ್ತೆ ನನ್ನ ಮುಖ ನೋಡಬೇಡ. ನಾನು ಕೂಗಿಲ್ಲ ಅಂದ್ರೆ ಕೂಗಿದ್ಯಾರು ಅಂತ ಕೇಳ್ತಾರೆ. ಆ ಮಗೂನ ಸಂಜೆ ಒಳಗೆ ಬೀದಿಗೆ ಹಾಕ್ತಾರೆ.” ಆಮೇಲೆ ದನಿ ತಗ್ಗಿಸಿ, “ನಾನು ನೋಡಿದೀನಿ ಕಣೇ” ಎಂದರು.

ಅವತ್ತು ಫ್ರೇಜರ್ ಟೌನಿನ ಆ ಅರ್ಧ ಮನೆಯಲ್ಲಿ ಕೂತು ಅವರು ಹೇಳಿದ್ದನ್ನು ನಾನು ಎಲ್ಲಿಯೂ ಬರೆದಿರಲಿಲ್ಲ. ಕೃಷ್ಣರಾಜಪುರದ ಹತ್ತಿರದ ಹಳ್ಳಿ ಅವರದ್ದು. ಹುಡುಗಿಯಾಗಿದ್ದಾಗ, ಊರಿನಲ್ಲಿ ಇಲಿ ಬಿದ್ದ ವರ್ಷ, ಯಾರೋ ಕೂಗಿದಂತಾಗಿ ಓ ಎಂದಿದ್ದರು. ಸಂಜೆಗೆ ಜ್ವರ ಬಂತು. ಮನೆಯವರು ಒಂದು ಮಡಕೆ ನೀರಿಟ್ಟು ಹುಣಿಸೆ ಮರದ ಕೆಳಗೆ ಮಲಗಿಸಿದರು. ಆ ದಾರಿಯಲ್ಲಿ ಬಂದ ಮಿಶನ್ನಿನ ಆಸ್ಪತ್ರೆಯವರು ಎತ್ತಿಕೊಂಡು ಹೋದರು. ಗಡ್ಡೆ ಒಡೆದು ಗುಣವಾದ ಮೇಲೆ ಅವರೇ ಊರಿಗೆ ತಂದು ಬಿಟ್ಟರು.

“ನಮ್ಮನೆ ಬಾಗಿಲ ಮುಂದೆ ನಿಂತು ಮೂರು ಸಲ ಕೂಗಿದೆ. ನನಗೂ ಗೊತ್ತಿತ್ತಲ್ಲ. ಆಮೇಲೂ ಕೂಗಿದೆ. ಒಳಗೆ ನಮ್ಮವ್ವ ಇದ್ದಳು. ಬಳೆ ಸದ್ದು ಕೇಳ್ತಿತ್ತು. ಬಾಗಿಲವರೆಗೂ ಬಂದಳು, ಅಗುಳಿ ಮೇಲೆ ಕೈಯಿಟ್ಟಳು. ತೆಗೀಲಿಲ್ಲ. ಅವತ್ತು ಯಾರಾದ್ರೂ ಒಬ್ಬರು, ಪಕ್ಕದ ಮನೆಯೋರಾದ್ರೂ ಸರಿ, ‘ಅವಳನ್ನ ಕೂಗಿದ್ದು ನಾನೇ’ ಅಂದಿದ್ರೆ ಸಾಕಿತ್ತು.”

ಗೋಡೆಯಾಚೆ ಖಾಲಾ ಏನೋ ಕುಟ್ಟುತ್ತಿದ್ದರು. ಕೇಳಬಾರದಿತ್ತೇನೋ, ಕೇಳಿದೆ: “ಹಾಗಾದ್ರೆ ಆ ಮಧ್ಯಾಹ್ನ ಕೂಗಿದ್ದು? ಮಗೂಗೆ ಜ್ವರದ ಭ್ರಮೆ ಅಲ್ವಾ?”

“ಇರಬಹುದು,” ಎಂದರು. “ಆದ್ರೆ ನನಗೆ ಜ್ವರ ಇರಲಿಲ್ಲ. ನನಗೂ ಕೇಳಿಸ್ತು.”

“ಪುಟ್ಟೀ ಅಂತಲಾ?”

“ಅಲ್ಲ. ನಮ್ಮವ್ವ ನನ್ನನ್ನ ಕರೀತಿದ್ದ ಹೆಸರು. ಈಗ ಆ ಹೆಸರು ಗೊತ್ತಿರೋರು ಯಾರೂ ಬದುಕಿಲ್ಲ.” ಬಾಯಿ ಮುಚ್ಚಿದ ಮೇಲೂ ದವಡೆಯ ಕೆಳಗಿನ ಗುಳಿ ಅಲುಗುತ್ತಿತ್ತು. “ನಾನು ಓ ಅನ್ನೋದರಲ್ಲಿದ್ದೆ. ಆ ಹುಡುಗಿ ನನಗಿಂತ ಮೊದಲು ಅಂದ್ಬಿಟ್ಟಳು.”

ನನಗೆ ಆ ಮಧ್ಯಾಹ್ನ ಕೇಳಿಸಿದ್ದು ಕಾಗೆಗಳು ರೆಕ್ಕೆ ಕೊಡವಿದ ಸದ್ದು ಮಾತ್ರ. ಕಿವಿಗೆ ಬಿದ್ದದ್ದನ್ನೇ ಬರೆ ಎಂದವರು ಅವರು, ಅದಕ್ಕೇ ಇಷ್ಟನ್ನೇ ಬರೆಯುತ್ತಿದ್ದೇನೆ. ಉಳಿದದ್ದಕ್ಕೆ ನನ್ನಲ್ಲಿ ಬೇರೆ ಹಾಳೆಯೂ ಇಲ್ಲ.

ಪ್ರಬಂಧ ಮುಗಿಸಿದೆ. ಅದರಲ್ಲಿ ಕೂಗಿನ ನಂಬಿಕೆಯ ಬಗ್ಗೆ ಒಂದು ಅಧ್ಯಾಯವೇ ಇದೆ, ಆ ಮಧ್ಯಾಹ್ನ ಮಾತ್ರ ಇಲ್ಲ. ಬೊಂಬಾಯಿಯಲ್ಲಿ ಮೆಚ್ಚಿದರು, ಎಂ.ಎ. ಬಂತು, ಮುಂದೆ ಕೆಲಸವೂ ಸಿಕ್ಕಿತು. ಜನರ ಮನೆಯೊಳಗೆ ಹೋಗಿ ಕೂತು ಅವರ ಮಾತು ಕೇಳುವುದನ್ನು ಎಷ್ಟೋ ಹುಡುಗ ಹುಡುಗಿಯರಿಗೆ ಕಲಿಸಿದೆ. ಕಲಿಸಿದ್ದೆಲ್ಲ ಅವರದ್ದೇ. ಡಾಕ್ಟರಮ್ಮನಿಗೆ ಮಾತ್ರ ಆ ಬೀದಿಗಳಿಗೆ ಮತ್ತೆ ಹೋಗಲಾಗಲಿಲ್ಲ. ಆಸ್ಪತ್ರೆಯೊಂದರಲ್ಲಿ ಕೂತು ಸೀಸೆಗಳಿಗೆ ಚೀಟಿ ಅಂಟಿಸುವಂಥ ಕೆಲಸ ಮಾಡುತ್ತಿದ್ದರು. ಒಂದು ದಿನವೂ ಗೊಣಗಲಿಲ್ಲ. ಆದರೆ ಮತ್ತೆ ಚಳಿ ಶುರುವಾದಾಗ ಅವರ ಕಾಲು ತಾನಾಗಿ ಹಲಸೂರಿನ ದಾರಿ ಹಿಡಿಯುತ್ತಿತ್ತು ಎಂದೂ, ಕೆರೆಯ ಏರಿಯವರೆಗೆ ಹೋಗಿ ತಿರುಗಿ ಬರುತ್ತಿದ್ದರೆಂದೂ ಖಾಲಾ ನನಗೆ ಹೇಳಿದರು.

ಅವರು ತೀರಿಕೊಂಡದ್ದು ಆ ಚಳಿಗಾಲದಲ್ಲೇ, ಎದೆನೋವಿನಿಂದ. ನಾನು ಊರಿನಲ್ಲೇ ಇದ್ದೆ. ಅವರನ್ನು ಸಾಕಿ ಓದಿಸಿದ್ದ ಮಿಶನ್ನಿನವರ ಸ್ಮಶಾನಕ್ಕೆ ಹೊರಟ, ಶವದ ಪೆಟ್ಟಿಗೆ ಹೊತ್ತ ಗಾಡಿಯ ಹಿಂದೆ ಆಸ್ಪತ್ರೆಯ ಕೆಲವರು ಮತ್ತು ನಾನು ನಡೆದೆವು. ಕೆರೆಯ ಕಡೆಯ ರಸ್ತೆಯಲ್ಲಿ ಮಿಲಿಟರಿ ಲಾರಿಗಳು ಸಾಲಾಗಿ ನಿಂತಿದ್ದರಿಂದ ಗಾಡಿಯವನು ಆ ಬೀದಿಗೇ ತಿರುಗಿಸಿದ. ಬೇಡವೆನ್ನೋಣವೆಂದುಕೊಳ್ಳುವಷ್ಟರಲ್ಲಿ ಗಾಡಿ ಬೀದಿಯೊಳಗಿತ್ತು.

ಪೆಟ್ಟಿಗೆಯೊಳಗೆ ಯಾರಿದ್ದಾರೆಂಬುದು ನಾವು ಬರುವ ಮುಂಚೆಯೇ ಬೀದಿಗೆ ತಿಳಿದಿತ್ತು. ಗಾಡಿ ಮುಂದೆ ಹೋದಂತೆ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಎಷ್ಟು ಮಕ್ಕಳು ಆ ಬಾಗಿಲುಗಳ ಹಿಂದೆ ಇವರ ಸೂಜಿಯಿಂದ ಉಳಿದವರೋ! ನನಗೆ ಸಿಟ್ಟಿನಲ್ಲಿ ಕಣ್ಣು ಕತ್ತಲಿಟ್ಟಿತು.

ಕೊನೆಯ ಮನೆಯ ಮೆಟ್ಟಿಲ ಮೇಲೆ ಆ ಹುಡುಗಿ ನಿಂತಿದ್ದಳು. ಮೈ ತುಂಬಿಕೊಂಡಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಅದಕ್ಕೆ ಅಪ್ಪ ಮಾರುಕಟ್ಟೆಯಿಂದ ತಂದ ಕನಕಾಂಬರ. ಗಾಡಿಯನ್ನೂ ನನ್ನನ್ನೂ ಕುತೂಹಲದಿಂದ ನೋಡುತ್ತಿದ್ದಳು. ಒಳಗಿನಿಂದ ಅಜ್ಜಿ ಓಡಿ ಬಂದು, “ನೋಡ್ಬೇಡ, ಒಳಕ್ಕೆ ಬಾ” ಎಂದು ಅವಳನ್ನು ಸೊಂಟ ಹಿಡಿದು ಎತ್ತಿ, ಎದೆಗೊತ್ತಿಕೊಂಡು ಒಳಗೆ ಹೋಗಿ, ಬಾಗಿಲು ಹಾಕಿ ಅಗುಳಿ ಜಡಿದಳು.

ನಾನು ಅಲ್ಲೇ ನಿಂತುಬಿಟ್ಟೆ. ಬಾಗಿಲ ಆಚೆ ಹುಡುಗಿ ಕೊಸರಾಡುತ್ತ ಏನೋ ಕೇಳುತ್ತಿದ್ದಳು, ಮುದುಕಿ ಗದರುತ್ತಿದ್ದಳು, ಮತ್ತೆ ಮುದ್ದಿಸುತ್ತಿದ್ದಳು. ಡಾಕ್ಟರಮ್ಮನಿಗೆ ಬೇಕಾಗಿದ್ದದ್ದು ಇಷ್ಟೇ ಅಲ್ಲವೇ, ಆ ಬಾಗಿಲು ಮುಚ್ಚುವಾಗ ಹುಡುಗಿ ಒಳಗಡೆ ಇರುವುದು. ನಾನು ಕಣ್ಣೊರೆಸಿಕೊಂಡು ಗಾಡಿಯ ಹಿಂದೆ ನಡೆದೆ.